ಬರಿ ಹಣೆಯ ಡೆಮಾನ್‌ಸ್ಟ್ರೇಟರ್

1938ನೇ ಇಸವಿಯ ಕೊನೆಯಲ್ಲಿ ದಾವಣಗೆರೆಯ ಒಂದು ಪಬ್ಲಿಸಿಟಿ ಏಜೆನ್ಸಿಯಲ್ಲಿ ನನಗೆ ಲೇಡಿ ಡೆಮಾನ್‌ಸ್ಟ್ರೇಟರ್ ಎಂಬ ಹುದ್ದೆ ಸಿಕ್ಕಿತು. ಹೆಸರು ಕೇಳಿದರೆ ದೊಡ್ಡ ಆಫೀಸರ್ ಅನ್ನಿಸಬೇಕು. ಮಾಡಬೇಕಾದದ್ದು ಮನೆಮನೆಗೆ ಹೋಗಿ ಹೆಂಗಸರಿಗೆ ಚಹಾ ಮಾಡುವುದನ್ನು ಕಲಿಸುವ ಕೆಲಸ. ಈಗ ಇದನ್ನು ಹೇಳಿದರೆ ಚಿಕ್ಕವರು ನಗುತ್ತಾರೆ. ಚಹಾ ಮಾಡೋದನ್ನೂ ಕಲಿಸಬೇಕಾ ಅಜ್ಜಿ ಅನ್ನುತ್ತಾರೆ. ಕಲಿಸಬೇಕಿತ್ತಪ್ಪ. ನಮ್ಮ ಸೀಮೆಯಲ್ಲಿ ಆಗ ಬೆಳಿಗ್ಗೆ ಎದ್ದರೆ ಅಂಬಲಿ, ಮಜ್ಜಿಗೆ; ಬಿಸಿಲಲ್ಲಿ ಬಂದವರಿಗೆ ಬೆಲ್ಲ, ನೀರು. ಚಹಾ ಅಂದರೆ ಪೇಟೆಯ ಹೋಟೆಲಿನಲ್ಲಿ ಗಂಡಸರು ಕುಡಿಯುವ ಕರಿ ನೀರು. ಕುಡಿದರೆ ಮೈ ಕಪ್ಪಾಗುತ್ತದೆ, ಬಾಣಂತಿಗೆ ಹಾಲು ಬತ್ತುತ್ತದೆ, ನಿದ್ದೆ ಹಾರಿಹೋಗಿ ತಲೆ ಕೆಡುತ್ತದೆ ಎಂದು ಹೇಳುವವರು ಪ್ರತಿ ಓಣಿಯಲ್ಲೂ ಇದ್ದರು.

ಪಬ್ಲಿಸಿಟಿ ಏಜೆನ್ಸಿ ತಾನಾಗಿ ಏನನ್ನೂ ತಯಾರಿಸುತ್ತಿರಲಿಲ್ಲ. ಬೇರೆ ಕಂಪನಿಗಳ ಸೋಪು, ತಲೆನೋವಿನ ಮುಲಾಮು, ಬೀಡಿ ಇವನ್ನು ಜನರಿಗೆ ಪರಿಚಯ ಮಾಡಿಸುವುದೇ ಅದರ ಕಸುಬು. ಆ ವರ್ಷ ಒಂದು ಚಹಾ ಕಂಪನಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳನ್ನು ನಮ್ಮ ಏಜೆನ್ಸಿಗೆ ಒಪ್ಪಿಸಿತ್ತು. ನಮ್ಮ ಭಾಷೆಯಲ್ಲಿ ಇದಕ್ಕೆ ಟೆರಿಟರಿ ಅನ್ನುತ್ತಿದ್ದರು. ಟೆರಿಟರಿಗೆ ಒಂದು ಪಾರ್ಟಿ. ಪಾರ್ಟಿ ಅಂದರೆ ಒಂದು ಮೋಟಾರ್ ವ್ಯಾನು, ಅದರಲ್ಲಿ ಗ್ರಾಮಫೋನು, ಹಿತ್ತಾಳೆಯ ಕೆಟಲು, ಪಿಂಗಾಣಿ ಕಪ್ಪುಗಳು, ಮತ್ತು ನಾವು ಮೂರು ಜನ.

ಮುಖ್ಯಸ್ಥರು ದಾದಾಪೀರ್ ಸಾಹೇಬರು. ವ್ಯಾನು ಓಡಿಸುವವರೂ ಅವರೇ, ಪಾರ್ಟಿ ಲೀಡರೂ ಅವರೇ. ಸಂತೆಯಲ್ಲಿ ಕೂಗಿ ಜನ ಸೇರಿಸಿ ಗಂಡಸರಿಗೆ ಪುಕ್ಕಟೆ ಚಹಾ ಹಂಚುವವನು ಕೊಟ್ರಪ್ಪ. ಸಂತೆಯಲ್ಲಿ ಕುಡಿದ ಗಂಡಸು ಮನೆಗೆ ಹೋಗಿ ಪೊಟ್ಟಣ ಕೊಟ್ಟರೆ ಅದನ್ನು ಏನು ಮಾಡಬೇಕೆಂದು ಹೆಂಡತಿಗೆ ಗೊತ್ತಿರಬೇಕಲ್ಲ? ಅದಕ್ಕೆ ನಾನು.

ನನ್ನ ಊರು ಹೊನ್ನಾಳಿ. ಗಂಡ ವಿಷಮಶೀತ ಜ್ವರದಲ್ಲಿ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಆಮೇಲೆ ಭಾವನ ಮನೆಯ ಹಿಂದಿನ ಕೋಣೆ, ಹೊಗೆ, ಪಾತ್ರೆ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಅದನ್ನು ಹೇಳಲೇಬೇಕು. ಹಬ್ಬ ಬಂದರೆ ಮಾತ್ರ ‘ನೀನು ಒಳಗಿರು’ ಅನ್ನುತ್ತಿದ್ದರು, ಮೆತ್ತಗೆ. ಆ ಮೆತ್ತನೆ ದನಿ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಹೇಬರ ವ್ಯಾನು ಹೊನ್ನಾಳಿ ಸಂತೆಗೆ ಬಂದ ದಿನ, ಹೆಂಗಸರ ಕೆಲಸಕ್ಕೆ ಓದುಬರಹ ಬಲ್ಲ ಹೆಂಗಸು ಬೇಕು ಎಂದು ಕೊಟ್ರಪ್ಪ ಕೂಗಿದ್ದು ಹಿತ್ತಲಿಗೆ ಕೇಳಿಸಿತು. ನಾನು ಲೋವರ್ ಸೆಕೆಂಡರಿ ಪಾಸು ಮಾಡಿದ್ದೆ. ಸೆರಗು ಹೊದ್ದು ಸೀದಾ ಸಂತೆಗೆ ಹೋಗಿ ನಿಂತೆ. ಗಂಡಸರ ಜೊತೆ ವ್ಯಾನು ಹತ್ತಿದವಳು ಅನ್ನುವ ಬಿರುದು ಆ ವಾರವೇ ಬಂತು. ನಾನು ಹಾಕಿದ ಕರಾರು ಒಂದೇ: ಹೋದ ಊರಿನಲ್ಲಿ ಇಳಿದುಕೊಳ್ಳಲು ಮಠವೋ ಗುರುತಿನವರ ಮನೆಯೋ ಇರಬೇಕು. ಸಾಹೇಬರು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಅವರ ಪಾರ್ಟಿ ನಡೆಸುವ ರೀತಿ ಬೇರೆ ಪಾರ್ಟಿಗಳಲ್ಲಿ ಇರಲಿಲ್ಲ. ಸಂಜೆ ವ್ಯಾನಿನ ಮಗ್ಗುಲಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಅವತ್ತು ಯಾರ ಕೆಲಸ ಕೆಟ್ಟಿತೋ ಅವರು ಮೊದಲು ಮಾತಾಡಬೇಕು. ಅವರು ಮುಗಿಸುವ ತನಕ ಉಳಿದವರು ಬಾಯಿ ಹಾಕುವಂತಿಲ್ಲ. ಆಫೀಸಿಗೆ ವರದಿ ಹೋಗುವಾಗ ಮಾತ್ರ ಯಾರ ಹೆಸರೂ ಇರುತ್ತಿರಲಿಲ್ಲ, ‘ಪಾರ್ಟಿಯಿಂದ ತಪ್ಪಾಯಿತು’ ಎಂದಷ್ಟೇ ಇರುತ್ತಿತ್ತು. ಕೊಟ್ರಪ್ಪ ಒಮ್ಮೆ ತ್ಯಾವಣಿಗೆ ಸಂತೆಯಲ್ಲಿ ಇಡೀ ಬುಟ್ಟಿ ಕಪ್ಪು ಕೆಳಗೆ ಕೆಡವಿದಾಗಲೂ ತಪ್ಪು ಪಾರ್ಟಿಯದೇ ಆಯಿತು.

ಕಂಪನಿಯವರು ಅಚ್ಚು ಹಾಕಿಸಿ ಕೊಟ್ಟ ನಿಯಮಗಳೂ ಇದ್ದವು. ಮನೆಯಲ್ಲಿ ಚಹಾ ತೋರಿಸುವಾಗ ನಮ್ಮ ಸ್ಟೋವು ಬಳಸಬಾರದು, ಆ ಮನೆಯ ಒಲೆಯ ಮೇಲೆಯೇ ನೀರು ಕಾಯಿಸಬೇಕು. ಸ್ಟೋವಿನಲ್ಲಿ ಮಾಡಿದರೆ ‘ಅದು ಸೀಮೆಎಣ್ಣೆ ಒಲೆದು, ನಮ್ಮ ಒಲೆಗೆ ಒಗ್ಗಲ್ಲ’ ಎಂದು ಹೆಂಗಸರು ಕೈಬಿಡುತ್ತಿದ್ದರು. ಇನ್ನೊಂದು, ಚಹಾ ಮಾಡಿದವರೇ ಎಲ್ಲರ ಎದುರಿಗೆ ಮೊದಲ ಕಪ್ಪು ಕುಡಿಯಬೇಕು. ಅದರಲ್ಲಿ ಏನೋ ಮದ್ದು ಹಾಕಿದ್ದಾರೆ ಎಂಬ ಗುಮಾನಿ ಹೋಗಲಿ ಎಂದು ಈ ನಿಯಮ. ಎರಡೂ ಒಳ್ಳೆಯ ನಿಯಮಗಳೇ. ಆದರೆ ಇವನ್ನು ಬರೆದವರು ಒಲೆಯ ಮುಂದೆ ಕೂರುವ ಹೆಂಗಸಿನ ಹಣೆಯ ಬಗ್ಗೆ ಯೋಚಿಸಿರಲಿಲ್ಲ.

ಹೊನ್ನಾಳಿಯಲ್ಲಿ ನನ್ನನ್ನು ಎಲ್ಲರೂ ಬಲ್ಲರು, ಅಲ್ಲಿ ಹೇಗೋ ನಡೆಯಿತು. ಪೆಟ್ಟು ಬಿದ್ದದ್ದು 1939ರ ಬೇಸಿಗೆಯಲ್ಲಿ, ಚನ್ನಗಿರಿಯಲ್ಲಿ. ಪೇಟೆ ಬೀದಿಯ ಮೊದಲ ಮನೆಯಲ್ಲಿಯೇ ಯಜಮಾನಿ ಬಾಗಿಲಿಗೆ ಬಂದವಳು ನನ್ನ ಹಣೆ, ನನ್ನ ಕೈ ನೋಡಿ ಅರ್ಧ ಬಾಗಿಲು ಹಾಕಿಕೊಂಡಳು. ‘ಬೆಳಬೆಳಿಗ್ಗೆ ಇದೇನವ್ವ’ ಎಂದು ಒಳಗೆ ಯಾರಿಗೋ ಹೇಳಿದಳು. ಎರಡನೆಯ ಮನೆಯಲ್ಲಿ ಒಳಗೆ ಬಿಟ್ಟರು, ಒಲೆಯ ಹತ್ತಿರ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಸುದ್ದಿ ಹೋಗಿತ್ತು. ಅಲ್ಲಿನ ಸ್ಟಾಕಿಸ್ಟ್, ಅಂದರೆ ಕಂಪನಿಯ ಮಾಲು ತರಿಸಿಕೊಂಡು ಊರಿನಲ್ಲಿ ಮಾರುವ ವರ್ತಕ, ದಾವಣಗೆರೆಗೆ ಹೇಳಿಕಳಿಸಿದ: ಒಳ್ಳೇ ಮನೆಗಳಿಗೆ ಇಂಥವಳನ್ನು ಕಳಿಸಿದರೆ ನನ್ನ ಅಂಗಡಿಯ ಪೊಟ್ಟಣವನ್ನು ಯಾರು ಮುಟ್ಟುತ್ತಾರೆ?

ಮಾರನೆಯ ದಿನ ಬೆಳಗಿನ ಬಸ್ಸಿನಲ್ಲಿ ಮ್ಯಾನೇಜರ್ ರಾಮಸ್ವಾಮಯ್ಯನವರೇ ಇಳಿದರು. ಕೆಟ್ಟವರಲ್ಲ ಅವರು. ಮೈಸೂರು ಕಡೆಯವರು, ಮಾತು ನಯ, ಕಚೇರಿಯಲ್ಲಿ ಯಾರ ಮೇಲೂ ದನಿ ಏರಿಸಿದವರಲ್ಲ. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ ಹಿಡಿದು ಬಂದಿದ್ದರು. ನಾವು ಇಳಿದುಕೊಂಡಿದ್ದ ಮಠದ ಜಗಲಿಯ ಮೇಲೆ ಅದನ್ನಿಟ್ಟು ತೆರೆದರು. ಒಳಗೆ ಹಸಿರು ಗಾಜಿನ ಬಳೆ, ಕುಂಕುಮದ ಭರಣಿ, ಕರಿಮಣಿಯ ಸರಕ್ಕೆ ಪೋಣಿಸಿದ ತಾಳಿ, ಮೇಲೊಂದು ಅಂಚಿನ ಸೀರೆ. ಚಿನ್ನದ ತಾಳಿಯೂ ಅಲ್ಲ, ಚಿನ್ನದ ನೀರು ಕೊಟ್ಟ ತಾಮ್ರ. ಅಷ್ಟು ದೂರದಿಂದಲೂ ನನಗೆ ಗೊತ್ತಾಯಿತು.

“ಇದನ್ನ ಯೂನಿಫಾರಂ ಅಂದ್ಕೊಳ್ಳಿ ಗುರುಬಸಮ್ಮ,” ಅಂದರು. “ಕೊಟ್ರಪ್ಪ ಕೋಟು ಹಾಕ್ತಾನೆ, ಸಾಹೇಬರು ಟೋಪಿ ಹಾಕ್ತಾರೆ. ನೀವು ಇದನ್ನ ಹಾಕ್ಕೊಳ್ಳಿ. ನಮ್ಮ ಪೋಸ್ಟರಿನಲ್ಲಿರೋ ಹೆಂಗಸು ಹೇಗಿದ್ದಾಳೋ ಹಾಗೆ ಕಾಣಬೇಕು ನೀವು. ಸಂಜೆ ತೆಗೆದು ಪೆಟ್ಟಿಗೇಲಿ ಇಟ್ಟರಾಯ್ತು.”

ಗಂಡ ಸತ್ತಾಗ ಹೊಳೆಯ ದಡದಲ್ಲಿ ಓಣಿಯ ಹೆಂಗಸರು ನನ್ನ ಕೈ ಹಿಡಿದು ಬಳೆ ಒಡೆದಿದ್ದರು. ಬೇಕೋ ಬೇಡವೋ ಎಂದು ಯಾರೂ ಕೇಳಿರಲಿಲ್ಲ. ಈಗ ಇವರು ಹಾಕಿಕೋ ಅನ್ನುತ್ತಿದ್ದಾರೆ, ಇವರೂ ಕೇಳುತ್ತಿಲ್ಲ. ನನ್ನ ಕೈಯನ್ನು ಯಾರ್ಯಾರೋ ಹಿಡಿದು ಬೇಕಾದ ಹಾಗೆ ಆಡಿಸುವ ಈ ಆಟ ಮುಗಿಯುವುದೇ ಇಲ್ಲವೇ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಅಳುವಿನ ನೀರಲ್ಲ ಅದು, ಸಿಟ್ಟಿನದು.

“ದಿನಾ ಬೆಳಿಗ್ಗೆ ಹಾಕ್ಕಂಡು ದಿನಾ ಸಂಜೆ ತೆಗೀಬೇಕಾ ಸ್ವಾಮಿ?” ಅಂದೆ. “ಹಂಗಾರೆ ದಿನಾ ಸಂಜೆ ನನ್ನ ಗಂಡ ಸಾಯಬೇಕಲ್ರೀ.”

ರಾಮಸ್ವಾಮಯ್ಯನವರು ಮುಖ ತಿರುಗಿಸಿದರು. ನಾಚಿಕೆಯಾಗಿತ್ತು ಅವರಿಗೆ, ನನಗೆ ಕಂಡಿತು. ಆದರೆ ನಾಚಿಕೆಯಾಯಿತೆಂದು ಕಚೇರಿಯವರು ಮಾತು ಬದಲಿಸುವುದಿಲ್ಲ. ಪೆಟ್ಟಿಗೆಯ ಮುಚ್ಚಳದ ಮೇಲೆ ಬೆರಳು ಆಡಿಸುತ್ತಾ, ಬರಿ ಹಣೆಯಲ್ಲಿ ಹೋದರೆ ಒಲೆ ಮುಟ್ಟಲು ಯಾರೂ ಬಿಡುವುದಿಲ್ಲ, ಒಲೆ ಮುಟ್ಟದೆ ಡೆಮಾನ್‌ಸ್ಟ್ರೇಷನ್ ಇಲ್ಲ, ಡೆಮಾನ್‌ಸ್ಟ್ರೇಷನ್ ಇಲ್ಲದೆ ಹುದ್ದೆ ಇಲ್ಲ ಎಂದರು. ಬೇರೆ ಒಬ್ಬಾಕೆಯನ್ನು ನೋಡಿಟ್ಟಿರುವುದಾಗಿಯೂ ಹೇಳಿದರು. ಹುದ್ದೆ ಹೋದರೆ ನನಗೆ ಇದ್ದದ್ದು ಒಂದೇ ದಾರಿ, ಮತ್ತೆ ಆ ಹಿಂದಿನ ಕೋಣೆ. ಅದು ನನಗೂ ಗೊತ್ತು, ಅವರಿಗೂ ಗೊತ್ತು.

“ಬರಿ ಹಣೆ ಅಲ್ಲ ಇದು, ವಿಭೂತಿ ಐತೆ,” ಅಂದೆ. “ನಾವು ಕೊಡೋ ಪುಡಿಯಾಗೆ ಮೋಸ ಇಲ್ಲ, ನಂಬಿ ಕುಡೀರಿ ಅಂತ ಹೇಳಾಕೆ ಹೋಗೋಳು ನಾನು. ಹೇಳೋ ಮುಖಾನೇ ಮೋಸದ್ದಾದ್ರೆ ಹೆಂಗ್ರೀ? ನಾನು ಹಾಕಲ್ಲ.”

ಅಷ್ಟು ಹೊತ್ತು ದಾದಾಪೀರ್ ಸಾಹೇಬರು ವ್ಯಾನಿನ ಬಾನೆಟ್ ತೆರೆದು ಏನೋ ಒರೆಸುತ್ತಾ ನಿಂತಿದ್ದರು. ಒರೆಸುವಂಥದ್ದು ಅಲ್ಲೇನೂ ಇರಲಿಲ್ಲ. ಅವರಿಗೆ ಐದು ಮಕ್ಕಳು, ಕೆಲಸ ಹೋದರೆ ಅವರಿಗೆ ನನಗಿಂತ ಕಷ್ಟ. ಕೈ ಒರೆಸಿಕೊಂಡು ಬಂದು ಜಗಲಿಯ ಅಂಚಿಗೆ ನಿಂತರು.

“ಪಾರ್ಟಿ ನನ್ನ ಜವಾಬ್ದಾರಿ ಅಂತ ನೀವೇ ಕೊಟ್ಟಿದ್ದು ಸ್ವಾಮಿ,” ಅಂದರು. “ಯಾರು ಹೆಂಗೆ ಹೋಗಬೇಕು ಅನ್ನೋದು ನಾನು ನೋಡ್ಕಂತೀನಿ. ಈ ಪೆಟ್ಟಿಗೆ ನನ್ನ ವ್ಯಾನಾಗೆ ಬರಲ್ಲ. ತಂಗಿ ಹೆಂಗೈತೋ ಹಂಗೇ ಬರ್ತೈತೆ.”

ರಾಮಸ್ವಾಮಯ್ಯನವರು ಪೆಟ್ಟಿಗೆ ಮುಚ್ಚಿ ತೀರ್ಮಾನ ಹೇಳಿದರು. ಮುಂದೆ ನ್ಯಾಮತಿ, ಅದಾದ ಮೇಲೆ ಜಗಳೂರು. ಜಗಳೂರಿಗೆ ಕಂಪನಿಯ ಇನ್‌ಸ್ಪೆಕ್ಟಿಂಗ್ ಆಫೀಸರ್ ಮದರಾಸಿನಿಂದ ಬರುತ್ತಾರೆ, ಅಲ್ಲಿನ ಸ್ಟಾಕಿಸ್ಟ್ ಸಾಹುಕಾರರ ಮನೆಯಲ್ಲಿಯೇ ಅವರ ಮುಂದೆ ಚಹಾ ತೋರಿಸಬೇಕು. ಅಲ್ಲಿ ಎಡವಿದರೆ ನನ್ನ ಹುದ್ದೆ ಹೋಯಿತು, ಸಾಹೇಬರು ವ್ಯಾನಿನ ಚಾವಿ ಕೊಟ್ಟು ಮನೆಗೆ ಹೋಗಬೇಕು. ‘ನಿಮ್ಮಿಬ್ಬರ ಒಳ್ಳೇದಕ್ಕೇ ಹೇಳಿದ್ದೆ’ ಎಂದು ಪೆಟ್ಟಿಗೆ ಎತ್ತಿಕೊಂಡು ಬಸ್ಸಿಗೆ ಹೋದರು. ಒಳ್ಳೇದಕ್ಕೆ ಹೇಳಿದವರ ಕೈಯಲ್ಲೇ ನಾನು ಅರ್ಧ ಬಾಳು ಕಳೆದಿದ್ದೆ, ಆ ಮಾತಿಗೆ ನನಗೆ ಏನೂ ಅನ್ನಿಸಲಿಲ್ಲ.

ನ್ಯಾಮತಿಯಲ್ಲಿ ಗೆದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆಲ್ಲ, ಮೆಣಸಿನಕಾಯಿ ವ್ಯಾಪಾರದ ಊರು, ಜನ ಒರಟಾಗಿ ಮಾತಾಡಲಿಲ್ಲ, ಬಾಗಿಲನ್ನೂ ತೆರೆಯಲಿಲ್ಲ. ಒಂದು ಓಣಿ ಪೂರ್ತಿ ‘ಇವತ್ತು ಆಗಲ್ಲಮ್ಮ’ ಎಂದು ಕಳಿಸಿತು. ಕೊಟ್ರಪ್ಪ ಗ್ರಾಮಫೋನಿಗೆ ಕೀ ಕೊಟ್ಟು ಕೊಟ್ಟು ಸುಸ್ತಾಗಿ, “ಅಕ್ಕಾ, ಆ ಬಳೆ ಒಂದೇ ಆದ್ರೂ ಹಾಕ್ಕಂಬಿಡಬಾರ್ದಾ?” ಅಂದ. ನಾನು ಅವನನ್ನು ನೋಡಿದ ನೋಟಕ್ಕೆ ಅವತ್ತೆಲ್ಲ ಹತ್ತಿರ ಬರಲಿಲ್ಲ.

ಸಾಯಂಕಾಲ ಆಗುತ್ತಾ ಒಂದು ದೊಡ್ಡ ಮನೆಯಲ್ಲಿ ಒಳಗೆ ಕರೆದರು. ಪಡಸಾಲೆಯಲ್ಲಿ ಕೂರಿಸಿ, ಒಲೆಯ ಹತ್ತಿರ ಬೇಡ, ಇಲ್ಲಿಯೇ ಬಾಯಲ್ಲಿ ಹೇಳಿ ಎಂದರು. ಯಜಮಾನಿ ಎದುರಿಗೆ ಕೂತು ತಲೆ ಆಡಿಸುತ್ತಿದ್ದಳು. ನೀರು ಎಷ್ಟು, ಪುಡಿ ಎಷ್ಟು, ಮುಚ್ಚಿ ಎಷ್ಟು ಹೊತ್ತು ಬಿಡಬೇಕು ಎಲ್ಲ ಹೇಳಿದೆ. ಹಾಲು ತೋರಿಸಿ ಅಂದಾಗ ಯಜಮಾನಿ ಎದ್ದು ಹೋಗಲಿಲ್ಲ. ಕೂತಲ್ಲಿಂದಲೇ ‘ಹಾಲು’ ಅಂದಳು. ಅಡುಗೆಮನೆಯ ಬಾಗಿಲ ಸಂದಿಯಿಂದ ಒಂದು ಕೈ ಹಾಲಿನ ಚೊಂಬನ್ನು ಈಚೆಗೆ ತಳ್ಳಿತು. ಆ ಕೈಯಲ್ಲಿ ಬಳೆ ಇರಲಿಲ್ಲ.

ಆ ಕೈಯನ್ನು ನಾನು ಚೆನ್ನಾಗಿ ಬಲ್ಲೆ, ಹೊನ್ನಾಳಿಯಲ್ಲಿ ನನ್ನದೂ ಹಾಗೇ ಬಾಗಿಲ ಸಂದಿಯಿಂದ ಈಚೆಗೆ ಬರುತ್ತಿತ್ತು. ಹಾಗಾದರೆ ನಾನು ಇಷ್ಟು ಹೊತ್ತು ಯಾರಿಗೆ ಪಾಠ ಹೇಳಿದೆ? ಈ ಯಜಮಾನಿ ನಾಳೆ ಒಲೆಯ ಮುಂದೆ ಕೂರುವವಳೇ ಅಲ್ಲ. ಕೂರುವವಳು ಒಳಗಿದ್ದಾಳೆ, ಅವಳಿಗೆ ನನ್ನ ಮಾತು ಅರ್ಧ ಕೇಳಿಸಿದೆ, ನನ್ನ ಮುಖ ಕಂಡೇ ಇಲ್ಲ. ಹೆಸರಿಗೆ ಹೆಂಗಸರಿಗೆ ಕಲಿಸುತ್ತೇವೆ ಎಂದು ತಿಂಗಳುಗಟ್ಟಲೆ ಓಡಾಡಿದ್ದೆವು.

ಅವತ್ತು ಚಾಪೆಯ ಮೇಲೆ ಮೊದಲು ಮಾತಾಡುವ ಪಾಳಿ ನನ್ನದೇ. ಕಂಡದ್ದನ್ನೆಲ್ಲ ಹೇಳಿದೆ. ದೊಡ್ಡ ಮನೆಗಳಲ್ಲಿ ಅಕ್ಕನೋ, ಅತ್ತಿಗೆಯೋ, ತವರಿಗೆ ಬಂದ ಮಗಳೋ, ಗಂಡ ಇಲ್ಲದವಳು ಒಬ್ಬಳು ಇದ್ದೇ ಇರುತ್ತಾಳೆ, ಆ ಮನೆಯ ಬೇಯಿಸುವ ಕೆಲಸ ಅವಳ ಪಾಲಿಗೆ ಬಿದ್ದಿರುತ್ತದೆ, ನಾವು ಹೂ ಮುಡಿದವರಿಗೆ ಹೇಳಿ ಬರುತ್ತಿದ್ದೇವೆ ಎಂದೆ. ಕೊಟ್ರಪ್ಪ, “ನಮ್ಮ ಮನ್ಯಾಗೂ ನಮ್ಮ ಅತ್ತೇನೇ ಬೇಯ್ಸೋದು, ನಾನು ಇದನ್ನ ಯೋಚ್ನೇನೇ ಮಾಡಿರ್ಲಿಲ್ಲ,” ಅಂದ. ಸಾಹೇಬರು ಗಡ್ಡ ನೀವಿಕೊಂಡರು.

“ಜಗಳೂರಾಗೆ ಅದನ್ನೇ ಕೇಳು ತಂಗಿ,” ಅಂದರು. “ಎಲ್ರ ಮುಂದೆ ಕೇಳು. ಹೋದ್ರೆ ಇಬ್ರೂ ಹೋಗಾಣ.”

ಜಗಳೂರು ಬಯಲು ಸೀಮೆ. ದಾರಿಯುದ್ದಕ್ಕೂ ಕುರಿ ಹಿಂಡು ಅಡ್ಡ ಬಂದು ವ್ಯಾನು ನಿಂತು ನಿಂತು ಹೋಗಿ, ನಾವು ತಲುಪುವ ಹೊತ್ತಿಗೆ ಆಫೀಸರು, ರಾಮಸ್ವಾಮಯ್ಯನವರು ಇಬ್ಬರೂ ಸಾಹುಕಾರರ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೆಳಗೆ ಜಮಖಾನದ ಮೇಲೆ ಓಣಿಯ ಹೆಂಗಸರು, ಹಬ್ಬಕ್ಕೆ ಉಟ್ಟ ಹಾಗೆ ಉಟ್ಟು ಬಂದಿದ್ದರು. ಸಾಹುಕಾರರ ಹೆಂಡತಿ ಪಾರ್ವತಮ್ಮ ಮಧ್ಯದಲ್ಲಿ. ನನ್ನನ್ನು ಕಂಡ ಕೂಡಲೇ ಅವರ ನಗು ಇಳಿದುಹೋಯಿತು. ರಾಮಸ್ವಾಮಯ್ಯನವರು ನೆಲ ನೋಡಿದರು. ಸಾಹೇಬರು ಒಳಗೆ ಬರದೆ ಜಗಲಿಯ ಕಂಬಕ್ಕೆ ಒರಗಿ ನಿಂತರು, ನನಗೆ ಕಾಣುವ ಹಾಗೆ.

“ನೀವು ಇಲ್ಲೇ ಕುಂತು ಬಾಯಾಗೆ ಹೇಳ್ರಿ,” ಅಂದರು ಪಾರ್ವತಮ್ಮ. “ಒಲೆ ತಾವ ಬರಾಕೆ ಬ್ಯಾಡ್ರಿ. ಇವತ್ತು ಸೋಮವಾರ.”

“ಆಗ್ಲಿ ತಾಯಿ,” ಅಂದೆ. “ಮೊದ್ಲು ಇಷ್ಟು ಹೇಳ್ರಿ. ಈ ಮನ್ಯಾಗೆ ಒಲೆ ಹಚ್ಚೋರು ಯಾರು?”

ಪಾರ್ವತಮ್ಮ ಗಂಡನ ಮುಖ ನೋಡಿದರು. ಹೆಂಗಸರಲ್ಲಿ ಒಬ್ಬಾಕೆ ಸೆರಗಿನಲ್ಲಿ ನಗುತ್ತಾ, “ಇನ್ಯಾರು, ಹಾಲಮ್ಮಕ್ಕಾರು. ಇಷ್ಟು ದೊಡ್ಡ ಮನೆಗೆ ಅವ್ರೊಬ್ರೇ ಬೇಯ್ಸೋದು,” ಅಂದುಬಿಟ್ಟಳು. ಹಾಲಮ್ಮ ಸಾಹುಕಾರರ ತೀರಿಹೋದ ಅಣ್ಣನ ಹೆಂಡತಿ.

“ಹಂಗಾರೆ ಅವ್ರನ್ನ ಕರೀರಿ. ಕಲೀಬೇಕಾದೋರು ಅವ್ರು.”

“ಅವ್ರು ಹೊರಗೆ ಬರಲ್ಲ,” ಅಂದರು ಸಾಹುಕಾರರು. ದನಿ ಗಡುಸಾಗಿತ್ತು.

ಇಲ್ಲಿಗೆ ಬಿಟ್ಟು ನಯವಾಗಿ ಮಾತು ತಿರುಗಿಸಬಹುದಿತ್ತು. ಹಾಗೆ ನಯ ಮಾಡಿಕೊಂಡು ಮಾಡಿಕೊಂಡೇ ನಾವೆಲ್ಲ ಬಾಗಿಲ ಹಿಂದೆ ಸೇರಿದ್ದು. ನಾನು ಕೇಳಿಯೇಬಿಟ್ಟೆ.

“ನನ್ನಂಗೆ ಗಂಡ ಸತ್ತೋರು ಅಂತಲೇನ್ರೀ? ಮೂರು ಹೊತ್ತೂ ಅವ್ರ ಕೈಯಾಗಿನ ಅನ್ನ ಉಣ್ತೀರಲ್ಲ ಸಾಹುಕಾರ್ರೆ, ಅದಕ್ಕೆ ಅಡ್ಡಿ ಇಲ್ವಾ?”

ಸಾಹುಕಾರರ ಮುಖ ಕೆಂಪಾಯಿತು. ರಾಮಸ್ವಾಮಯ್ಯನವರು ಕುರ್ಚಿಯಿಂದ ಅರ್ಧ ಎದ್ದರು, ನನ್ನ ಪರವಾಗಿ ಕ್ಷಮೆ ಕೇಳಲಿಕ್ಕೆ ಎಂದು ಕಾಣುತ್ತದೆ. ಆಫೀಸರಿಗೆ ಕನ್ನಡ ಅಷ್ಟಕ್ಕಷ್ಟೇ, ಅವರು ಎಲ್ಲರ ಮುಖ ನೋಡುತ್ತಿದ್ದರು. ಇನ್ನು ನನ್ನ ಗಂಟು ಮೂಟೆ ಕಟ್ಟುವುದೇ ಎಂದುಕೊಂಡೆ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ಪೂರ್ತಿ ತೆರೆಯಿತು. ಐವತ್ತು ದಾಟಿದ ಹೆಂಗಸು, ಎತ್ತರದ ಆಳು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಪಡಸಾಲೆಗೆ ಬಂದು ನಿಂತರು. ಮೈದುನನ ಕಡೆ ನೋಡಲೂ ಇಲ್ಲ.

“ಕರಿಯೋದೇನೈತೆ, ಎಲ್ಲ ಕೇಳ್ತಾನೇ ಇದ್ದೆ,” ಅಂದರು. “ಏನು ಕಲೀಬೇಕು ಹೇಳು ತಂಗಿ. ಇಲ್ಲಿ ಕುಂತು ಹೇಳಿದ್ರೆ ನನಗೆ ತಿಳಿಯಲ್ಲ. ಒಲೆ ತಾವ ಬಾ.”

ನಾನು ಎದ್ದು ಹೋದೆ. ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ಹಾಲಮ್ಮನನ್ನು ತಡೆಯಬೇಕಿತ್ತು, ಅವರು ಸಿಟ್ಟು ಮಾಡಿಕೊಂಡು ಕೂತರೆ ಮಧ್ಯಾಹ್ನದ ಊಟಕ್ಕೆ ಗತಿ ಇಲ್ಲ. ಆ ಮನೆಯಲ್ಲಿ ತಮಗೆ ಇರುವ ಬಲ ಅವರಿಗೆ ಅವತ್ತೇ ಗೊತ್ತಾಯಿತೋ, ಮೊದಲೇ ಗೊತ್ತಿದ್ದು ಸುಮ್ಮನಿದ್ದರೋ ನನಗೆ ತಿಳಿಯದು. ಒಲೆಯ ಮುಂದೆ ನಾವಿಬ್ಬರೂ ಮಗ್ಗುಲಲ್ಲಿ ಕೂತೆವು. ನೀರು ಅವರೇ ಇಟ್ಟರು, ಪುಡಿ ಅವರೇ ಹಾಕಿದರು, ಮುಚ್ಚಳ ಅವರೇ ಮುಚ್ಚಿದರು. ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ, ಸಕ್ಕರೆ ಹಾಕಿ ಅಂದೆ. ಯಾಕೆ ಒಡೀತೈತೆ, ಎಷ್ಟು ಹೊತ್ತು ಬಿಟ್ಟು ಹಾಕಿದ್ರೆ ಒಡೆಯಲ್ಲ ಎಂದು ಹತ್ತಾರು ಪ್ರಶ್ನೆ ಕೇಳಿದರು. ಅಷ್ಟು ತಿಂಗಳಲ್ಲಿ ನನ್ನನ್ನು ಪ್ರಶ್ನೆ ಕೇಳಿದ ಮೊದಲ ಹೆಂಗಸು ಆಕೆ. ಹೊರಗೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ಗುಂಪು ಕಟ್ಟಿದರು.

ಕೆಟಲು ಪಡಸಾಲೆಗೆ ಬಂತು. ಸಾಹುಕಾರರು ಮರ್ಯಾದೆಗೆಂದು ಮೊದಲ ಕಪ್ಪನ್ನು ಆಫೀಸರ ಕಡೆ ಸರಿಸಿದರು. ನಾನು ಅಡ್ಡ ಕೈ ಹಿಡಿದೆ. ಮಾಡಿದವರು ಮೊದಲು ಕುಡಿಯಬೇಕು, ಕಂಪನಿಯ ಕಾನೂನು ಎಂದೆ. ರಾಮಸ್ವಾಮಯ್ಯನವರು ಅದನ್ನು ಇಂಗ್ಲಿಷಿನಲ್ಲಿ ಹೇಳಲೇಬೇಕಾಯಿತು. ಆಫೀಸರು ಹೌದೆಂದು ತಲೆಯಾಡಿಸಿದರು, ಅವರದೇ ಕಾನೂನಲ್ಲವೇ.

ಹಾಲಮ್ಮ ಕಪ್ಪು ಹಿಡಿದು ನನ್ನನ್ನು ನೋಡಿದರು. “ನಾನಾ? ಇವ್ರೆಲ್ರಿಗಿಂತ ಮೊದ್ಲಾ?” ಅಂದರು. ಗಟ್ಟಿ ದನಿಯ ಹೆಂಗಸು, ಆ ಮಾತು ಮಾತ್ರ ಬಹಳ ಸಣ್ಣಗೆ ಬಂತು. ಆ ಮನೆಗೆ ಬಂದಂದಿನಿಂದ ಎಲ್ಲರೂ ಉಂಡೆದ್ದ ಮೇಲೆ ಉಂಡವರು ಅವರು. ಗಂಡ ಇದ್ದಾಗಲೂ, ಹೋದ ಮೇಲೂ. ನಾನು ಹೌದೆಂದು ತಲೆ ಆಡಿಸಿದೆ.

ನಿಂತೇ ಕುಡಿದರು. ಅವಸರ ಮಾಡಲಿಲ್ಲ. ಓಣಿಯ ಹೆಂಗಸರು, ಆಳುಮಕ್ಕಳು, ಮೈದುನ, ಮೈದುನನ ಹೆಂಡತಿ, ಮದರಾಸಿನ ಆಫೀಸರು ಎಲ್ಲರೂ ಕಾದರು. ಕಪ್ಪು ಕೆಳಗಿಟ್ಟು ಬಾಯಿ ಒರೆಸಿಕೊಂಡು, “ಸಕ್ರೆ ಒಂದೀಟು ಹೆಚ್ಚಾತು. ನಾಳೆ ಸರಿ ಮಾಡ್ತೀನಿ,” ಅಂದರು.

ನಮ್ಮ ಕಸುಬಿನಲ್ಲಿ ‘ಚೆನ್ನಾಗೈತೆ’ ಅನ್ನುವ ಮಾತಿಗೆ ಬೆಲೆಯಿಲ್ಲ. ಪುಕ್ಕಟೆ ಕೊಟ್ಟದ್ದನ್ನು ಎಲ್ಲರೂ ಚೆನ್ನಾಗೈತೆ ಅನ್ನುತ್ತಾರೆ. ಡೆಮಾನ್‌ಸ್ಟ್ರೇಟರ್ ಕಾದು ಕೂರುವುದು ‘ನಾಳೆ’ ಅನ್ನುವ ಮಾತಿಗೆ. ಆಫೀಸರು ರಾಮಸ್ವಾಮಯ್ಯನವರನ್ನು ಕೇಳಿ ಅದರ ಅರ್ಥ ತಿಳಿದುಕೊಂಡು, ಇಂಥ ಡೆಮಾನ್‌ಸ್ಟ್ರೇಷನ್ ತಾವು ಯಾವ ಊರಿನಲ್ಲೂ ನೋಡಿರಲಿಲ್ಲ ಎಂದರು. ಜಗಲಿಯ ಮೇಲೆ ಸಾಹೇಬರು ಟೋಪಿ ತೆಗೆದು ತಲೆ ಒರೆಸಿಕೊಂಡರು.

ಸಾಹುಕಾರರು ಮಾತ್ರ ನನ್ನನ್ನು ಕ್ಷಮಿಸಲಿಲ್ಲ. ಆ ಹೆಂಗಸು ಇನ್ನು ನನ್ನ ಹೊಸ್ತಿಲು ತುಳಿಯಬಾರದು ಎಂದು ಹೇಳಿಕಳಿಸಿದರು, ನಾನೂ ಮತ್ತೆ ತುಳಿಯಲಿಲ್ಲ. ಬಸ್ಸಿಗೆ ಕಾಯುತ್ತಿದ್ದಾಗ ರಾಮಸ್ವಾಮಯ್ಯನವರು ನನ್ನ ಹತ್ತಿರ ಬಂದು, “ಒಳ್ಳೆಯದೇ ಆಯ್ತು. ಆದರೂ ಸಾಹುಕಾರರ ಮುಖಕ್ಕೆ ಹಾಗೆ ಕೇಳಬಾರದಿತ್ತು ನೀವು,” ಅಂದರು.

“ಕೇಳದಿದ್ರೆ ಕೆಲಸದಿಂದ ತೆಗೀತಿದ್ರಿ, ಕೇಳಿದ್ರೆ ಬೈತೀರಿ,” ಅಂದೆ. “ಏನಾರ ಒಂದು ಮಾಡ್ರಿ ಸ್ವಾಮಿ.”

ಅವರು ನಕ್ಕರು. ಒಂದು ತಿಂಗಳಿಗೆ ಎಲ್ಲ ಪಾರ್ಟಿಗಳಿಗೂ ಕಚೇರಿಯಿಂದ ಸುತ್ತೋಲೆ ಹೋಯಿತು: ಮನೆಯಲ್ಲಿ ಒಲೆ ಹಚ್ಚುವವರು ಯಾರೆಂದು ಮೊದಲು ವಿಚಾರಿಸಿ ಅವರಿಗೇ ಕಲಿಸತಕ್ಕದ್ದು. ನನ್ನ ಹೆಸರು ಅದರಲ್ಲಿರಲಿಲ್ಲ. ಹೊಟ್ಟೆ ಉರಿಯಿತು, ಉರಿಯಲಿಲ್ಲ ಎಂದು ದೊಡ್ಡತನ ತೋರಿಸುವವಳಲ್ಲ ನಾನು. ಆದರೆ ಆ ಸುತ್ತೋಲೆಯಿಂದಾಗಿ ನನ್ನಂಥ ಇನ್ನೂ ಕೆಲವು ಹೆಂಗಸರಿಗೆ ಏಜೆನ್ಸಿಯಲ್ಲಿ ಕೆಲಸ ಸಿಕ್ಕಿತು. ಒಳಗಿನ ಕೋಣೆಯ ಹೆಂಗಸಿನ ಹತ್ತಿರ ಸಲೀಸಾಗಿ ಹೋಗಿ ಕೂರಬಲ್ಲವರು ಅವರೇ ಎಂದು ಕಚೇರಿಗೆ ಅರ್ಥವಾಗಿತ್ತು.

ಯುದ್ಧ ಬಂತು, ಪೆಟ್ರೋಲು ಸಿಗದಾಯಿತು, ವ್ಯಾನು ನಿಂತು ಎತ್ತಿನ ಗಾಡಿ ಬಂತು. 1943ರಲ್ಲಿ ಸಾಹೇಬರು ಕಣ್ಣು ಮಂದವಾಗಿ ಕೆಲಸ ಬಿಟ್ಟಾಗ ಪಾರ್ಟಿಯನ್ನು ನನಗೆ ಕೊಟ್ಟರು. ಆಮೇಲೆ ನಾನು ಬಹಳ ಜನ ಮ್ಯಾನೇಜರುಗಳ ಕೈಕೆಳಗೆ ದುಡಿದೆ, ಲೀಡರ್ ಹೇಗಿರಬೇಕು ಎಂಬ ಭಾಷಣಗಳನ್ನೂ ಸಾಕಷ್ಟು ಕೇಳಿದೆ. ನನಗೆ ತಿಳಿದದ್ದು ಇಷ್ಟು. ಜಗಳೂರಿನಲ್ಲಿ ಗೆದ್ದ ಮೇಲೆ ನನ್ನ ಬೆನ್ನು ತಟ್ಟಿದವರು ಎಷ್ಟೋ ಜನ. ಚನ್ನಗಿರಿಯ ಜಗಲಿಯಲ್ಲಿ, ನಾನು ಗೆಲ್ಲುತ್ತೇನೋ ಮುಳುಗುತ್ತೇನೋ ಯಾರಿಗೂ ಗೊತ್ತಿಲ್ಲದಾಗ, ತನ್ನ ಐದು ಮಕ್ಕಳ ಅನ್ನವನ್ನು ಪಣಕ್ಕಿಟ್ಟು ನನ್ನ ಪಕ್ಕ ಬಂದು ನಿಂತವರು ಒಬ್ಬರೇ. ಅಂಥ ಹೊತ್ತಿನಲ್ಲಿ ಬಂದು ನಿಲ್ಲದವರನ್ನು ನಾನು ಮೇಲಧಿಕಾರಿ ಎಂದು ಕರೆದಿದ್ದೇನೆ, ಸಲಾಮು ಹೊಡೆದಿದ್ದೇನೆ, ಮುಂದಾಳು ಎಂದು ಕರೆದಿಲ್ಲ.

ಪಾರ್ಟಿ ನನ್ನ ಕೈಗೆ ಬಂದ ಮೇಲೂ ಹೊಸ ಹೊಸ ಮ್ಯಾನೇಜರುಗಳು ಬಂದು, ನಿಮ್ಮ ಹೆಂಗಸರು ಇನ್ನೂ ಸ್ವಲ್ಪ ಲಕ್ಷಣವಾಗಿ ಕಾಣಬೇಕಲ್ಲ ಎಂದು ಆಗಾಗ ಹೇಳುತ್ತಿದ್ದರು. ನಾನು ಪ್ರತಿ ಸಲವೂ ಒಂದೇ ಉತ್ತರ ಕೊಟ್ಟೆ: “ಅವ್ರು ಹೆಂಗಿದಾರೋ ಹಂಗೇ ಕಾಣ್ತಾರೆ ಸ್ವಾಮಿ. ನೋಡಾಕೆ ಆಗದಿದ್ರೆ ನೀವು ಬ್ಯಾರೆ ಕಡೆ ನೋಡ್ರಿ.”